ಆಲ್ಟರ್ನೇಟರಿಗೆ ಬೇಡದ ಟಚ್

ಹೊಯಿಗೆ ಬಜಾರ್, ಮಂಗಳೂರು
14 ಜುಲೈ 2024, ಭಾನುವಾರ

ಯೋಗೀಶರಿಗೆ ಶರ್ಮಿಳಾಳ ನಮಸ್ಕಾರ.

ಮೇಲೆ "ಪ್ರೀತಿಯ" ಎಂದು ಬರೆದು ಹೊಡೆದು ಹಾಕಿದ್ದೇನೆ. ಹೊಡೆದದ್ದು ಕಾಣುತ್ತದೆ, ಕಾಣಲಿ. ಇದು ವಕೀಲರ ಕಾಗದ ಅಲ್ಲ, ಹೆದರಬೇಡಿ. ಫೋನ್ ಮಾಡಬಹುದಿತ್ತು, ನಿಮ್ಮ ಹೊಸ ನಂಬರ್ ಈಗ ನನ್ನ ಹತ್ತಿರ ಉಂಟು. ಅದು ಹೇಗೆ ಸಿಕ್ಕಿತು ಎಂದು ಮುಂದೆ ಹೇಳುತ್ತೇನೆ. ಆದರೆ ಫೋನಿನಲ್ಲಿ ನಾವು ತುಳುವಿನಲ್ಲಿ ಮಾತಾಡುವವರು, ತುಳುವಿನಲ್ಲಿ ನಮಗೆ ಎರಡನೇ ನಿಮಿಷಕ್ಕೆ ಜಗಳ ಹತ್ತುತ್ತದೆ. ಕನ್ನಡದಲ್ಲಿ ಬರೆಯುವಾಗ ಕೈ ನಿಧಾನವಾಗುತ್ತದೆ, ಶಾಲೆಯಲ್ಲಿ ಪತ್ರಲೇಖನ ಬರೆದ ಹಾಗೆ ಸ್ವಲ್ಪ ಮರ್ಯಾದೆಯೂ ಬರುತ್ತದೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅರ್ಧಕ್ಕೇ ಮಡಚಿ ಇಟ್ಟೀರಿ. ಐದು ವರ್ಷದ ಹಿಂದೆ ನನ್ನ ತಮ್ಮ ಕಮಲೇಶನ ಬೋಟಿನಲ್ಲಿ ಎಲ್ಲ ಸುಟ್ಟುಹೋದದ್ದು ನೀವು ಹಾಕಿದ ಆಲ್ಟರ್ನೇಟರಿನ ತಪ್ಪಿನಿಂದಲ್ಲ. ನಿಮ್ಮ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ. ಇದನ್ನು ಯಾರೋ ಹೇಳಿ ನಾನು ನಂಬಿದ್ದಲ್ಲ, ನನ್ನ ಕೈಯಿಂದಲೇ ಬಿಚ್ಚಿ ನೋಡಿದ್ದೇನೆ. ಆ ಒಂದು ಸಂಗತಿಯಿಂದ ಬೋಟುಗಳು ನಿಲ್ಲುವ ದಕ್ಕೆಯಲ್ಲಿ ನಿಮ್ಮ ಹೆಸರು ಹೋಯಿತು, ನಿಮ್ಮನ್ನು ಬೋಟ್ ಕೆಲಸಕ್ಕೆ ಕರೆಯುವುದು ನಿಂತಿತು, ನೀವು ಈ ಮನೆಯಿಂದಲೂ ಹೋದಿರಿ. ಹೋದದ್ದರಲ್ಲಿ ಹೆಸರನ್ನಾದರೂ ನಾನು ಹಿಂದೆ ತರಬೇಕು. ಅದಕ್ಕೆ ಈ ಪತ್ರ.

ಇಷ್ಟು ವರ್ಷ ಇಲ್ಲದ ಬುದ್ಧಿ ಈಗ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಒಂದು ಹಳೆಯ ಫಿಯಾಟ್ ಕಾರಿನಿಂದ ಬಂತು.

ಅಪ್ಪ ಹೋದ ಮೇಲೆ ಅಂಗಡಿ ನಾನೇ ನೋಡುತ್ತಿದ್ದೇನೆ. ಬೋರ್ಡಿನಲ್ಲಿ ಈಗಲೂ ಅಪ್ಪನ ಹೆಸರಿನಲ್ಲಿ "ತುಕ್ರ ಡೈನಮೋ ವರ್ಕ್ಸ್" ಎಂದೇ ಉಂಟು. (ಅಪ್ಪನ ಹನ್ನೊಂದನೇ ದಿನ ನೀವು ಬಂದು ಗೇಟಿನ ಹೊರಗೆ ನಿಂತು ಹಾಗೆಯೇ ಹೋದದ್ದನ್ನು ನಾನು ನೋಡಿದ್ದೇನೆ. ಕರೆಯಬೇಕಿತ್ತು. ಕರೆಯಲಿಲ್ಲ.) ಡೈನಮೋ ಈಗ ಯಾರ ಹತ್ತಿರ ಉಂಟು ಹೇಳಿ? ಬರುವುದೆಲ್ಲ ಸ್ಟಾರ್ಟರ್ ಮೋಟಾರ್, ನೀರಿನ ಪಂಪ್, ಮಿಕ್ಸಿ. ಹಾಗಿರುವಾಗ ಹೋದ ತಿಂಗಳು ಕಂಕನಾಡಿಯ ಡೈಸಿ ಟೀಚರ್ ಬಂದರು. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ರಿಟೈರ್ ಆದವರು, ಎಪ್ಪತ್ತು ದಾಟಿದೆ. ಗಂಡ ಬಿಟ್ಟುಹೋದ ಕೆನೆ ಬಣ್ಣದ ಫಿಯಾಟನ್ನು ಈಗಲೂ ತಾವೇ ಓಡಿಸುತ್ತಾರೆ. ಮಳೆಯಲ್ಲಿ ಸಿಗ್ನಲ್ಲಿನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುತ್ತದೆ, ವೈಪರ್ ನಡುವೆಯೇ ನಿಲ್ಲುತ್ತದೆ, ಆಕ್ಸಿಲರೇಟರ್ ಒತ್ತಿದರೆ ಎಲ್ಲ ಸರಿಯಾಗುತ್ತದೆ ಎಂದರು. ನಾನು ಬಾನೆಟ್ ತೆರೆಯದೆಯೇ ಹೇಳಿದೆ, ಇದು ಡೈನಮೋ ಗಾಡಿ, ಆಲ್ಟರ್ನೇಟರ್ ಹಾಕಿಸಿದರೆ ಸರಿಯಾಗುತ್ತದೆ ಎಂದು. ಹೇಳಿದವಳಿಗೆ ಸ್ವಲ್ಪ ಗರ್ವವೂ ಬಂತು.

ಟೀಚರ್ ಸ್ಟೂಲ್ ಎಳೆದು ಕೂತರು. ಎರಡಕ್ಕೂ ವ್ಯತ್ಯಾಸ ಏನು ಎಂದು ಕೇಳಿದರು. ಡೈನಮೋ ಹಳೆಯದು, ಆಲ್ಟರ್ನೇಟರ್ ಹೊಸದು ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಅದು ವಯಸ್ಸು. ನಾನು ಕೇಳಿದ್ದು ವ್ಯತ್ಯಾಸ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದಿ, ಎಂತ ವ್ಯತ್ಯಾಸ ಅಂತ ಒಮ್ಮೆಯೂ ನೋಡ್ಲಿಲ್ವಾ ನೀನು?"

ನನ್ನ ಸಿಟ್ಟು ನಿಮಗೆ ಗೊತ್ತಲ್ಲ. ಮುಖ ಕೆಂಪಾಯಿತು. ಅವರು ಹೇಳಿದ್ದು ಸರಿಯೇ. ಬ್ರಷ್ ಬದಲಿಸುವುದು ಗೊತ್ತು, ಬೇರಿಂಗ್ ಎಳೆಯುವುದು ಗೊತ್ತು, ಸುತ್ತು ಎಣಿಸಿ ತಂತಿ ಸುತ್ತುವುದೂ ಗೊತ್ತು. ಅದರೊಳಗೆ ಕರೆಂಟ್ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೊರಗೆ ಬರುತ್ತದೆ ಎಂದು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ನೀವು ಮದುವೆಯ ಹೊಸದರಲ್ಲಿ ಹೇಳಲು ಹೊರಟಿದ್ದಿರಿ, ನೆನಪಿದೆಯೇ? ಊಟಕ್ಕೆ ಕೂತಾಗ ಚಮಚ ತಿರುಗಿಸಿ ತೋರಿಸುತ್ತಿದ್ದಿರಿ. ಸಾರು ತಣ್ಣಗಾಗುತ್ತದೆ, ಮೊದಲು ಉಣ್ಣಿ ಎಂದು ನಾನು ಬಾಯಿ ಮುಚ್ಚಿಸಿದೆ. ಈಗ ಆ ಚಮಚದ ಪಾಠ ಪೂರ್ತಿ ಕೇಳಬೇಕಿತ್ತು ಎನ್ನಿಸುತ್ತದೆ.

ಆ ದಿನ ಸಂಜೆಗೆ ಮೊದಲು ಟೀಚರ್ ಕಾರಿನ ಡೈನಮೋ ಇಳಿಸಿದೆ. ಹಳೆಯ ಪೇಪರ್ ಹಾಸಿ, ಅದನ್ನೂ ಹೊಸ ಆಲ್ಟರ್ನೇಟರನ್ನೂ ಪಕ್ಕಪಕ್ಕ ಬಿಚ್ಚಿ ಇಟ್ಟೆ. ನಿಮಗೆ ಇದೆಲ್ಲ ಅಂಗೈ ಗೆರೆಯ ಹಾಗೆ ಗೊತ್ತಿರುವುದೇ. ಆದರೂ ನಾನು ಬರೆಯುತ್ತೇನೆ, ನೀವು ಓದಬೇಕು. ತಪ್ಪಿದ್ದರೆ ನಗಬಹುದು.

ಡೈನಮೋದಲ್ಲಿ ಮ್ಯಾಗ್ನೆಟ್ ಹೊರಗಿನ ಚಿಪ್ಪಿಗೆ ಅಂಟಿ ಸುಮ್ಮನೆ ನಿಂತಿದೆ. ತಿರುಗುವುದು ಒಳಗಿನ ತಂತಿ ಸುತ್ತಿದ ಆರ್ಮೇಚರ್. ಕರೆಂಟ್ ಹುಟ್ಟುವುದು ಆ ತಿರುಗುವ ತಂತಿಯಲ್ಲಿ. ತಿರುಗುವ ತಂತಿಯಿಂದ ಹೊರಗೆ ತೆಗೆಯುವುದು ಹೇಗೆ? ಅದಕ್ಕೇ ಆರ್ಮೇಚರಿನ ತುದಿಯಲ್ಲಿ ತುಂಡು ತುಂಡು ಮಾಡಿದ ತಾಮ್ರದ ಬಳೆ, ಅದರ ಮೇಲೆ ಒರೆಸುವ ಎರಡು ಕಾರ್ಬನ್ ಬ್ರಷ್. ಗಾಡಿಗೆ ಬೇಕಾದ ಕರೆಂಟ್ ಪೂರಾ ಆ ಎರಡು ಬ್ರಷ್ ದಾಟಿ ಬರಬೇಕು. ಕಿಡಿ ಹಾರುವುದು, ಬ್ರಷ್ ಸವೆಯುವುದು, ಅಪ್ಪನ ಉಗುರಿನಲ್ಲಿ ಜೀವನವಿಡೀ ಕಪ್ಪು ಹೋಗದಿದ್ದದ್ದು, ಎಲ್ಲ ಅದರಿಂದ.

ಆಲ್ಟರ್ನೇಟರ್ ಬಿಚ್ಚಿದರೆ ಎಲ್ಲ ತಿರುವುಮುರುವು. ತಿರುಗುವುದು ಮ್ಯಾಗ್ನೆಟ್, ಎರಡು ಕೈಯ ಬೆರಳು ಒಂದರೊಳಗೊಂದು ಸಿಕ್ಕಿಸಿದ ಹಾಗೆ ಇರುವ ಕಬ್ಬಿಣ. ಕರೆಂಟ್ ಹುಟ್ಟುವ ದಪ್ಪ ತಂತಿ ಹೊರಗಿನ ಚಿಪ್ಪಿನಲ್ಲಿ ಕದಲದೆ ಕೂತಿದೆ. ಕದಲದ ತಂತಿಯಿಂದ ಕರೆಂಟ್ ತೆಗೆಯಲು ಬ್ರಷ್ಷೇ ಬೇಡ, ಒಂದು ನಟ್ ಸಾಕು. ಬ್ರಷ್ ಇದರಲ್ಲಿಯೂ ಉಂಟು, ಆದರೆ ಬೆರಳಿನ ತುದಿಯಷ್ಟು ಸಣ್ಣದು, ತಿರುಗುವ ಮ್ಯಾಗ್ನೆಟ್ಟಿಗೆ ಸ್ವಲ್ಪ ಕರೆಂಟ್ ಕೊಡಲಿಕ್ಕೆ ಮಾತ್ರ. ಬ್ರಷ್ ಮೇಲೆ ಭಾರ ಇಲ್ಲದ ಕಾರಣ ಎಷ್ಟು ಜೋರಾಗಿಯೂ ತಿರುಗಿಸಬಹುದು. ಅದಕ್ಕೇ ಬೆಲ್ಟಿಗೆ ಸಣ್ಣ ಪುಲ್ಲಿ ಹಾಕುತ್ತಾರೆ, ಎಂಜಿನ್ ನಿಧಾನವಾದರೂ ಇದು ಜೋರಾಗಿ ತಿರುಗುತ್ತದೆ, ಅದಕ್ಕೇ ಸಿಗ್ನಲ್ಲಿನಲ್ಲಿ ನಿಂತರೂ ಲೈಟ್ ಮಂಕಾಗುವುದಿಲ್ಲ. ಇಷ್ಟು ನೋಡಿದಾಗ ನನಗೆ ಎಷ್ಟು ಖುಷಿಯಾಯಿತು ಎಂದರೆ ಚಹಾ ಮಾಡಿಟ್ಟದ್ದು ಮರೆತುಹೋಯಿತು.

ಮರುದಿನ ಟೀಚರ್ ಮನೆಯಿಂದ ಕರೆಂಟ್ ಹರಿದರೆ ಮುಳ್ಳು ಹಾರುವ ಒಂದು ಗ್ಯಾಲ್ವನೋಮೀಟರ್ ತಂದರು, ಸೊನ್ನೆ ನಡುವೆ ಇರುವುದು. ನಾನು ಸುತ್ತಿದ ಒಂದು ಕಾಯಿಲಿಗೆ ಅದನ್ನು ಸೇರಿಸಿ, ಒಡೆದ ಸ್ಪೀಕರಿನ ಮ್ಯಾಗ್ನೆಟ್ಟನ್ನು ಹತ್ತಿರ ತಾ ಎಂದರು. ಹತ್ತಿರ ತಂದೆ, ಮುಳ್ಳು ಬಲಕ್ಕೆ ಹಾರಿತು. ದೂರ ತೆಗೆದೆ, ಎಡಕ್ಕೆ ಹಾರಿತು. ಹತ್ತಿರವೇ ಇಟ್ಟು ಸುಮ್ಮನೆ ಕೂತೆ, ಮುಳ್ಳು ಸೊನ್ನೆಗೆ ಬಂದು ನಿಂತಿತು. ಹತ್ತಿರ ಇರುವುದು ಸಾಲದು, ಕದಲಬೇಕು ಎಂದರು ಟೀಚರ್. ಆಮೇಲೆ ಅವರು ಹೇಳಿದ್ದು ಕೇಳಿ ನಾನು ಬೆಪ್ಪಾದೆ. ಡೈನಮೋದ ಹೊಟ್ಟೆಯಲ್ಲಿ ಹುಟ್ಟುವುದೂ ಎಸಿಯೇ ಅಂತೆ, ಹೀಗೆ ಎಡಕ್ಕೂ ಬಲಕ್ಕೂ ಹಾರುವುದು. ಆ ತುಂಡು ಮಾಡಿದ ತಾಮ್ರದ ಬಳೆ ಪ್ರತಿ ಅರ್ಧ ಸುತ್ತಿಗೆ ಕೊಂಡಿ ಬದಲಿಸಿ ಬದಲಿಸಿ ಅದನ್ನು ಒಂದೇ ಕಡೆಗೆ ಹರಿಯುವ ಡಿಸಿ ಮಾಡುತ್ತದೆ. ಆಲ್ಟರ್ನೇಟರಿನಲ್ಲಿ ಅದೇ ಕೆಲಸವನ್ನು ಡಯೋಡ್ ಮಾಡುತ್ತದೆ. ನಾನು ಇಷ್ಟು ವರ್ಷ ಡೈನಮೋದಲ್ಲಿ ಡಿಸಿ ಹುಟ್ಟುತ್ತದೆ, ಆಲ್ಟರ್ನೇಟರಿನಲ್ಲಿ ಎಸಿ ಹುಟ್ಟುತ್ತದೆ, ಎರಡೂ ಬೇರೆ ಜಾತಿ ಎಂದುಕೊಂಡಿದ್ದೆ.

ಹಾಗಾದರೆ ಜನರೇಟರ್ ಅಂದರೆ ಎಂತದು ಎಂದು ಕೇಳಿದೆ. ಟೀಚರ್ ಉತ್ತರ ಹೇಳದೆ ನನ್ನನ್ನು ತಮ್ಮ ಫ್ಲ್ಯಾಟಿಗೆ ಕರೆದುಕೊಂಡು ಹೋದರು. ಕಂಕನಾಡಿ ಮಾರ್ಕೆಟಿನ ಹಿಂದೆಯೇ ಅವರ ಬಿಲ್ಡಿಂಗ್, ಬೇಸ್‌ಮೆಂಟಿನಲ್ಲಿ ಹಸಿರು ಪೆಟ್ಟಿಗೆಯ ಡೀಸೆಲ್ ಜನರೇಟರ್ ಉಂಟು. ವಾಚ್‌ಮನ್ ಬಾಗಿಲು ತೆಗೆದ. ಒಂದು ಕಡೆ ಎಂಜಿನ್, ಅದಕ್ಕೆ ಬೆನ್ನು ಕೊಟ್ಟು ನಿಂತ ದೊಡ್ಡ ಡ್ರಮ್ಮಿನ ತಗಡಿನಲ್ಲಿ ಬರೆದದ್ದು "ಆಲ್ಟರ್ನೇಟರ್". ತಿರುಗಿಸಿ ಕರೆಂಟ್ ಹುಟ್ಟಿಸುವುದೆಲ್ಲ ಜನರೇಟರೇ ಅಂತೆ. ಅದರಲ್ಲಿ ಎಸಿಯನ್ನೇ ಹೊರಗೆ ಕೊಡಲು ಕಟ್ಟಿದ್ದು ಆಲ್ಟರ್ನೇಟರ್, ಬಳೆ ಬ್ರಷ್‌ನಿಂದಲೇ ಡಿಸಿ ಮಾಡಿ ಕೊಡುವುದು ಡೈನಮೋ; ಕಾರಿನ ಆಲ್ಟರ್ನೇಟರಿಗೆ ಮಾತ್ರ ಡಯೋಡ್ ಸೇರಿಸಿರುತ್ತಾರೆ. ನಾವು ಊರವರು ಎಂಜಿನ್ ಪೆಟ್ಟಿಗೆ ಎಲ್ಲ ಸೇರಿಸಿ ಜನರೇಟರ್ ಎನ್ನುತ್ತೇವೆ, ಅಷ್ಟೆ.

ತಗಡು ಓದಿ ಮುಗಿಸಿ ತಲೆ ಎತ್ತಿದಾಗ ಪಕ್ಕದಲ್ಲಿ ದಾರದಿಂದ ನೇತುಹಾಕಿದ ಸರ್ವಿಸ್ ಕಾರ್ಡ್ ಕಾಣಿಸಿತು. ಮೂರು ತಿಂಗಳಿಗೊಮ್ಮೆ ತಾರೀಕು, ಆಯಿಲ್, ಫಿಲ್ಟರ್, ಬೆಲ್ಟ್, ಪ್ರತಿ ಸಾಲಿನ ಕೊನೆಗೆ ನಿಮ್ಮ ಸಹಿ. ಅದೇ ಉದ್ದ ಬಾಲದ ಸಹಿ. ಕೊನೆಯದು ಜೂನ್ ಹನ್ನೊಂದು. ಕೆಳಗೆ ಬೈಕಂಪಾಡಿಯ ವಿಳಾಸ, ನಿಮ್ಮ ನಂಬರ್. ನಾಲ್ಕು ವರ್ಷದಿಂದ ನೀವು ಆ ಬೇಸ್‌ಮೆಂಟಿಗೆ ಬರುತ್ತಿದ್ದೀರಿ. ನಾನು ಪ್ರತಿ ವಾರ ಅದೇ ಮಾರ್ಕೆಟಿನಲ್ಲಿ ತರಕಾರಿ ಆರಿಸುತ್ತೇನೆ. ಟೀಚರ್ ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಕಣ್ಣು ತುಂಬಿತು, ಡೀಸೆಲ್ ವಾಸನೆಗೆ ಎಂದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಟೀಚರ್ ಕಾರಿಗೆ ಆಲ್ಟರ್ನೇಟರ್ ಕೂರಿಸಿದ ದಿನ. ಬೆಲ್ಟ್ ಬಿಗಿದೆ, ವಯರ್ ಎಲ್ಲ ಸೇರಿಸಿದೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿಯ ಪ್ಲಸ್‌ನಿಂದ ಒಂದು ತುಂಡು ವಯರ್ ಹಿಡಿದು ಸಣ್ಣ ಟರ್ಮಿನಲ್ಲಿನ ಹತ್ತಿರ ಕೈ ತಂದೆ. ಯೋಚಿಸಿ ಮಾಡಿದ್ದಲ್ಲ, ಚಪ್ಪಲಿ ಬಿಟ್ಟು ಒಳಗೆ ಬಂದಷ್ಟೇ ಅಭ್ಯಾಸ. ಆಗ ಟೀಚರ್ ಕೇಳಿದರು:

"ಅದು ಎಂತಕ್ಕೆ?"

ಟಚ್ ಕೊಡುವುದು ಎಂದೆ. ನಿಮಗೆ ಗೊತ್ತಲ್ಲ, ಅಪ್ಪ ಟಚ್ ಕೊಡದೆ ಯಾವ ಡೈನಮೋವನ್ನೂ ಅಂಗಡಿಯಿಂದ ಹೊರಗೆ ಕಳಿಸಿದವರಲ್ಲ. ಬಿಚ್ಚಿ ಕಟ್ಟಿದ ಡೈನಮೋಗೆ ನೆನಪು ಹೋಗಿರುತ್ತದೆ, ಯಾವುದು ಪ್ಲಸ್ ಯಾವುದು ಮೈನಸ್ ಎಂದು ನಾವು ಒಮ್ಮೆ ನೆನಪು ಮಾಡಿಸಬೇಕು ಎನ್ನುತ್ತಿದ್ದರು. ದೊಡ್ಡ ಟರ್ಮಿನಲ್ ಅಲ್ಲ, ಸಣ್ಣದು. ಒತ್ತಿ ಹಿಡಿಯಬಾರದು, ಮುಟ್ಟಿ ತೆಗೆಯಬೇಕು. ಒಂದು ಸಣ್ಣ ಕಿಡಿ ಬಂದರೆ ಆಯಿತು. ನನಗೆ ಎಂಟು ವರ್ಷ ಇರುವಾಗ ನನ್ನ ಕೈ ಹಿಡಿದು ಕೊಡಿಸಿದ್ದರು. ನಮ್ಮ ಮನೆಯಲ್ಲಿ ಹೊಸ ಬೋಟಿಗೆ ತೆಂಗಿನಕಾಯಿ ಒಡೆಯುವುದು ತಪ್ಪಿದರೂ ಡೈನಮೋಗೆ ಟಚ್ ತಪ್ಪುತ್ತಿರಲಿಲ್ಲ.

ಟೀಚರ್ ಅಪ್ಪ ಹೇಳಿದ್ದು ಸರಿ ಎಂದರು. ಡೈನಮೋ ತನ್ನ ಮೊದಲ ಕರೆಂಟನ್ನು ಕಬ್ಬಿಣದಲ್ಲಿ ಉಳಿದ ಚೂರು ಮ್ಯಾಗ್ನೆಟ್ಟಿನಿಂದಲೇ ಹುಟ್ಟಿಸಬೇಕು, ಅದು ಹೋದರೆ ಅಥವಾ ತಿರುವುಮುರುವಾದರೆ ಒಮ್ಮೆ ಕೊಡಬೇಕು. ಹಾಗೆ ಹೇಳಿ ಇನ್ನೊಂದು ಪ್ರಶ್ನೆ ಹಾಕಿದರು. ಆಲ್ಟರ್ನೇಟರಿಗೆ ಪ್ರತಿ ಸಲ ಕೀ ತಿರುಗಿಸಿದಾಗ ಬ್ಯಾಟರಿಯೇ ಮ್ಯಾಗ್ನೆಟ್ ಮಾಡಿಕೊಡುತ್ತದೆ. ಅದಕ್ಕೆ ನೆನಪೇ ಬೇಡ. ಹಾಗಿರುವಾಗ ನೀನು ಕೊಡುವ ಟಚ್ ಎಲ್ಲಿಗೆ ಹೋಗುತ್ತದೆ?

ವಯರ್ ಕೆಳಗಿಟ್ಟು ಹಿಂದಿನ ಮುಚ್ಚಳ ಬಿಚ್ಚಿದೆ, ಸಣ್ಣ ಟರ್ಮಿನಲ್ಲಿನ ದಾರಿ ಹಿಡಿದು ಹೋದೆ. ಅದು ನೇರ ರೆಗ್ಯುಲೇಟರಿಗೆ ಹೋಗುತ್ತದೆ, ಉಗುರಿನಷ್ಟು ಸಣ್ಣ ಒಂದು ಎಲೆಕ್ಟ್ರಾನಿಕ್ ಚಿಪ್‌ಗೆ. ಆಲ್ಟರ್ನೇಟರ್ ಎಷ್ಟು ಕೊಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂದು ನೋಡುವುದು ಅದೇ. ಅಲ್ಲಿಗೆ ಬ್ಯಾಟರಿಯ ಪೂರಾ ಕರೆಂಟ್ ಬಿಟ್ಟರೆ ಒಂದು ಕ್ಷಣದಲ್ಲಿ ಅದು ಸುಟ್ಟು ಮುದ್ದೆಯಾಗುತ್ತದೆ. ಆಮೇಲೆ ಹೇಳುವವರು ಕೇಳುವವರು ಇಲ್ಲ. ಎಂಜಿನ್ ಓಡಿದಷ್ಟು ವೋಲ್ಟೇಜ್ ಏರುತ್ತದೆ, ಬ್ಯಾಟರಿ ಕುದಿಯುತ್ತದೆ, ಸೇರಿಸಿದ್ದೆಲ್ಲ ಸುಡುತ್ತದೆ.

ಕಮಲೇಶನ ಬೋಟಿನಲ್ಲಿ ಆದದ್ದು ಅಕ್ಷರಕ್ಕೆ ಅಕ್ಷರ ಇದೇ ಅಲ್ಲವೇ?

ಅವನು ಹೊಸ ಜಿಪಿಎಸ್, ಮೀನು ನೋಡುವ ಮಿಷನ್ ಎಲ್ಲ ತಂದಿದ್ದ, ಅಪ್ಪನ ಡೈನಮೋ ಸಾಲದೆ ನೀವು ಆಲ್ಟರ್ನೇಟರ್ ಹಾಕಬೇಕೆಂದಿರಿ. ಅಪ್ಪ ಬೇಡವೆಂದರು. ಆ ಜುಲೈ ಕೊನೆಗೆ ಕಂಕನಾಡಿ ಆಸ್ಪತ್ರೆಯಲ್ಲಿ ಅವರ ಬಲಗಣ್ಣಿನ ಪೊರೆ ತೆಗೆಸುವ ಗಡಿಬಿಡಿ, ನಾನು ಗಂಜಿ ಹಿಡಿದುಕೊಂಡು ಓಡಾಡುತ್ತಿದ್ದೆ, ಆ ನಡುವೆ ನೀವು ಹಾಕಿಯೂ ಆಯಿತು. ಆಗಸ್ಟ್ ಮೊದಲ ವಾರ ಬೋಟ್ ಹೋಯಿತು. ಎರಡನೇ ದಿನ ಎಂಜಿನ್ ರೂಮಿನಿಂದ ವಾಸನೆ, ಹೊಗೆ. ವಯರ್‌ಲೆಸ್ ಹೋಯಿತು, ಜಿಪಿಎಸ್ ಹೋಯಿತು. ಬ್ಯಾಟರಿ ಮುಟ್ಟಲು ಹೋದ ಕಮಲೇಶನ ಎಡಗೈಗೆ ಆಸಿಡ್ ಹಾರಿತು. ಹೆದರಿ ಎಂಜಿನ್ ನಿಲ್ಲಿಸಿದರು, ಮತ್ತೆ ಸ್ಟಾರ್ಟ್ ಮಾಡಲು ಬ್ಯಾಟರಿ ಇಲ್ಲ. ಎಂಟು ಜನ ಎರಡು ದಿನ ಗಾಳಿ ಬಂದ ಕಡೆ ತೇಲಿದರು. ಸೈಮನಣ್ಣನ ಬೋಟಿನವರು ಕಾಣದಿದ್ದರೆ ಕಮಲೇಶನೂ ಇರುತ್ತಿರಲಿಲ್ಲ, ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಎಳೆದು ತಂದ ದಿನ ದಕ್ಕೆಯಲ್ಲಿ ಸೇರಿದವರೆಲ್ಲರ ಬಾಯಲ್ಲಿ ಒಂದೇ ಮಾತು, ಯೋಗೀಶ ಹಾಕಿದ ಆಲ್ಟರ್ನೇಟರ್. ನೀವು ಯಾರಿಗೂ ಎದುರು ಹೇಳಲಿಲ್ಲ. ಬೋಟಿಗೆ ಇಳಿದು ಅದನ್ನು ಬಿಚ್ಚಿ ತಂದಿರಿ, ಹಿಂಬದಿ ತಿರುಗಿಸಿ ನೋಡಿದಿರಿ, ಕರ್ಚೀಫಿನಿಂದ ಒಂದು ಜಾಗ ಒರೆಸಿ ಮತ್ತೆ ನೋಡಿದಿರಿ. ಆಮೇಲೆ ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದಿರಿ.

"ನಾನು ಫಿಟ್ ಮಾಡಿದ ಮೇಲೆ ಇದನ್ನು ಯಾರಾದ್ರೂ ಮುಟ್ಟಿದ್ದೀರಾ?"

ಯಾರೂ ಮಾತಾಡಲಿಲ್ಲ. ನೀವು ಎರಡನೇ ಸಲ ಕೇಳಲಿಲ್ಲ. ಅಪ್ಪ ಆ ಆಲ್ಟರ್ನೇಟರನ್ನು ಅಂಗಡಿಯ ಅಟ್ಟಕ್ಕೆ ಎಸೆದರು. ತಿಂಗಳಾಗುವ ಮೊದಲು ನೀವು ಬೈಕಂಪಾಡಿಗೆ ಹೋದಿರಿ.

ಹೋದ ಮಂಗಳವಾರ ಏಣಿ ಹಾಕಿ ಅದನ್ನು ಕೆಳಗಿಳಿಸಿದೆ. ಧೂಳು, ಜೇಡರಬಲೆ, ಉಪ್ಪಿನ ಬಿಳಿ ಪುಡಿ. ನಾನೂ ಒರೆಸಿದೆ. ಸಣ್ಣ ಟರ್ಮಿನಲ್ಲಿನ ಅಂಚಿನಲ್ಲಿ ಎಳ್ಳಿನಷ್ಟು ತಾಮ್ರ ಕರಗಿ ಕಪ್ಪು ಕಲೆಯಾಗಿದೆ. ಒಳಗೆ ರೆಗ್ಯುಲೇಟರ್ ಸುಟ್ಟು ಒಡೆದಿದೆ. ತಂತಿ, ಡಯೋಡ್, ಬೇರಿಂಗ್, ವಯರ್ ತುದಿಗೆ ನೀವು ಹಾಕಿದ ಒಂದೊಂದು ಲಗ್ಗೂ ಸರಿಯಾಗಿಯೇ ಉಂಟು. ಬೋಟ್ ಬಿಡುವ ಮೊದಲು ಅದಕ್ಕೆ ಟಚ್ ಕೊಟ್ಟದ್ದೇ ಎಲ್ಲಕ್ಕೂ ಕಾರಣ. ಡೈನಮೋವನ್ನು ಚೆನ್ನಾಗಿ ಕಲಿತವರು ಮಾತ್ರ ಮಾಡಬಹುದಾದ ತಪ್ಪು, ಏನೂ ಗೊತ್ತಿಲ್ಲದವರು ಮುಟ್ಟುತ್ತಿರಲಿಲ್ಲ.

ಕಮಲೇಶನನ್ನು ಅಂಗಡಿಗೆ ಕರೆದು ಕಲೆ ತೋರಿಸಿದೆ, ಟೀಚರ್ ಹೇಳಿದ್ದನ್ನು ಹೇಳಿದೆ. ಅವನು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಅಪ್ಪನ ಅಭ್ಯಾಸ, ಅವರೇ ಇಲ್ಲದ ಮೇಲೆ ಯಾರನ್ನು ಕೇಳುವುದು ಎಂದ. ನಾನು ಏನೂ ಹೇಳಲಿಲ್ಲ. ಈ ತಿಂಗಳ ಕೊನೆಗೆ ಮೀನುಗಾರಿಕೆಯ ರಜೆ ಮುಗಿಯುತ್ತದೆ, ಬೋಟುಗಳೆಲ್ಲ ರಿಪೇರಿಯಲ್ಲಿವೆ. ಅವನ ಬೋಟಿಗೂ ಆಲ್ಟರ್ನೇಟರ್ ಹೊಸದು ಹಾಕಬೇಕು, ಭಾವ ಬರುತ್ತಾರಾ ಎಂದು ಅವನೇ ಕೇಳಿದ. ನಿಮ್ಮನ್ನು ಭಾವ ಎಂದು ಅವನು ಕರೆದದ್ದು ಐದು ವರ್ಷದ ಮೇಲೆ.

ಬಂದರೆ ದಕ್ಕೆಯಲ್ಲಿ ಯಾರೂ ತಲೆ ತಿರುಗಿಸುವುದಿಲ್ಲ, ಅದರ ಜವಾಬ್ದಾರಿ ನನ್ನದು. ನಮ್ಮ ಮನೆಯ ಕೈಯಿಂದಾದ ತಪ್ಪಿಗೆ ನಮ್ಮ ಮನೆಯ ಪರವಾಗಿ ಕ್ಷಮೆ ಕೇಳುತ್ತೇನೆ. ಅಮ್ಮ ನಿಮ್ಮನ್ನು ಕೇಳಿದ್ದಾರೆ, ನಿಮಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಯಾರು ಮಾಡಿಕೊಡುತ್ತಾರೆ ಎಂಬುದೇ ಅವರ ಚಿಂತೆ. ನಾನು ಕೇಳುವುದು ಅಷ್ಟೇ ಅಲ್ಲ, ಆದರೆ ಇಲ್ಲಿ ಬರೆಯುವುದಿಲ್ಲ.

ನೀವು ಬಿಟ್ಟುಹೋದ, ಕರೆಂಟ್ ನೋಡುವ ಮೀಟರನ್ನು ಶುಕ್ರವಾರಕ್ಕೊಮ್ಮೆ ಒರೆಸಿ ಇಡುತ್ತಿರುವ,
ಶರ್ಮಿಳಾ

ತಾ.ಕ. (ಸೋಮವಾರ ಸಂಜೆ): ನಿನ್ನೆ ರಾತ್ರಿ ಕವರಿಗೆ ಅಂಟು ಹಚ್ಚಿದ್ದೆ. ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ, ಆದರೆ ಒಂದು ಕಡೆ ನಾನು ಬೇಕೆಂದೇ ಹೆಸರು ಬಿಟ್ಟಿದ್ದೇನೆ. ಟಚ್ ಕೊಟ್ಟದ್ದು ಅಪ್ಪ ಅಲ್ಲ. ನಾನು.

ಬೋಟ್ ಬಿಡುವ ಆ ಬೆಳಿಗ್ಗೆ ಅಪ್ಪ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು, ಬಗ್ಗಬಾರದು ಎಂದು ಡಾಕ್ಟರ್ ಹೇಳಿದ್ದರು. ಬೋಟಿನ ಎಂಜಿನ್ನಿಗೆ ಹೂ ಇಟ್ಟು ಬಾ ಎಂದು ನನ್ನನ್ನು ಕಳಿಸಿದರು. ನಮ್ಮಲ್ಲಿ ಹೆಂಗಸರು ಬೋಟ್ ಹತ್ತುವುದು ಕಡಿಮೆ, ಅದಕ್ಕೇ ಆಮೇಲೆ ಯಾರೂ ನನ್ನನ್ನು ಕೇಳಲೂ ಇಲ್ಲ. ನೀವು ಚಹಾ ಕುಡಿಯಲು ಹೋಗಿದ್ದಿರಿ. ಹೂ ಇಟ್ಟೆ. ನಿಮ್ಮ ಕೆಲಸ ನೋಡಿದೆ, ವಯರ್ ಎಲ್ಲ ಎಷ್ಟು ಚಂದ ಕಟ್ಟಿದ್ದಿರಿ. ಇಷ್ಟು ಚಂದ ಮಾಡಿ ಟಚ್ ಕೊಡಲು ಮರೆತಿದ್ದಾರೆ, ಅಪ್ಪನಿಗೆ ಗೊತ್ತಾದರೆ ನಿಮ್ಮನ್ನು ತಮಾಷೆ ಮಾಡುತ್ತಾರೆ ಎಂದು ನಾನೇ ಕೊಟ್ಟೆ. ನಿಮ್ಮ ಮರ್ಯಾದೆ ಉಳಿಸಲಿಕ್ಕೆ ಕೊಟ್ಟದ್ದು. ಕಿಡಿ ಯಾವಾಗಿನದಕ್ಕಿಂತ ದೊಡ್ಡದಾಗಿ ಬಂತು. ಹೊಸದಲ್ಲವೇ, ಜೋರು ಉಂಟು ಎಂದುಕೊಂಡೆ.

ದಕ್ಕೆಯಲ್ಲಿ ನೀವು ಆ ಪ್ರಶ್ನೆ ಕೇಳಿದಾಗ ನನಗೆ ಆ ಕಿಡಿ ನೆನಪಾಯಿತು. ಅದರಿಂದಲೇ ಆಯಿತು ಎಂದು ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಮುಟ್ಟಿದ್ದೇನೆ ಎಂದು ಗೊತ್ತಿತ್ತು. ಕಮಲೇಶನ ಸುಟ್ಟ ಕೈ ನೋಡುತ್ತಾ ಬಾಯಿ ತೆರೆಯಲು ಹೆದರಿದೆ. ಆ ಹೆದರಿಕೆ ಐದು ವರ್ಷ ಎಳೆಯಿತು.

ಮಂಗಳವಾರ ಆ ಕಲೆ ಒರೆಸುವಾಗ ಇನ್ನೊಂದು ತಿಳಿಯಿತು. ಈ ಊರಿನಲ್ಲಿ ಸಣ್ಣ ಟರ್ಮಿನಲ್ಲಿಗೆ ಹೀಗೆ ಟಚ್ ಕೊಡುವ ಕೈ ಎರಡೇ. ಒಂದು ಅಪ್ಪನದು. ಅಪ್ಪನನ್ನು ಆಸ್ಪತ್ರೆಯಿಂದ ರಿಕ್ಷಾದಲ್ಲಿ ಕೂರಿಸಿ ಮನೆಗೆ ತಂದು ಮಲಗಿಸಿದವರು ನೀವೇ. ಹಾಗಾದರೆ ದಕ್ಕೆಯಲ್ಲಿ ಕರ್ಚೀಫಿನಿಂದ ಒರೆಸಿ ನೋಡಿದ ಕ್ಷಣವೇ ಅದು ನನ್ನ ಕೈ ಎಂದು ನಿಮಗೆ ಗೊತ್ತಾಗಿತ್ತು. ಎಲ್ಲರ ಎದುರು ಹೇಳಬಹುದಿತ್ತು, ಹೇಳಲಿಲ್ಲ. ನಾನೇ ಹೇಳಲಿ ಎಂದು ತಿಂಗಳು ಕಾದಿರಿ. ಅದು ತಿಳಿದ ಮೇಲೆ ಎರಡು ದಿನ ನಾನು ಅಂಗಡಿ ತೆರೆಯಲಿಲ್ಲ.

ಇವತ್ತು ಬೆಳಿಗ್ಗೆ ದಕ್ಕೆಗೆ ಹೋಗಿ ಸೈಮನಣ್ಣನ ಎದುರು, ಅಲ್ಲಿ ಸೇರಿದವರ ಎದುರು, ಆ ಆಲ್ಟರ್ನೇಟರನ್ನು ಇಟ್ಟು ಎಲ್ಲ ಹೇಳಿದೆ. ಕಮಲೇಶನೂ ಇದ್ದ. ಅವನು ತನ್ನ ಎಡಗೈ ನೋಡಿಕೊಂಡ. "ಅಕ್ಕ, ಅವತ್ತೇ ಹೇಳಿದ್ರೆ ನಾನು ಒಂದು ದಿನ ಬೈದು ಸುಮ್ಮನಾಗ್ತಿದ್ದೆ" ಎಂದ. ಆಮೇಲೆ ನಡೆದುಹೋದ. ಮಧ್ಯಾಹ್ನ ಊಟಕ್ಕೆ ಬಂದ, ಭಾವನಿಗೆ ಬರೆದ ಪತ್ರ ಪೋಸ್ಟ್ ಮಾಡಿ ಆಯಿತಾ ಎಂದು ಮಾತ್ರ ಕೇಳಿದ.

ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಬಂದರೆ ಆಲ್ಟರ್ನೇಟರ್ ನೀವು ಫಿಟ್ ಮಾಡಿ. ನಾನು ದಕ್ಕೆಯ ಮೇಲೆ ಕೈ ಕಟ್ಟಿ ನಿಂತಿರುತ್ತೇನೆ, ಮುಟ್ಟುವುದಿಲ್ಲ.